ಲೂಪಸ್ ಇರುವವರಿಗೆ ಮೈಮೇಲೆ ದದ್ದು: ಮಾತ್ರೆಯಿಂದಲೋ, ಕಾಯಿಲೆಯಿಂದಲೋ?

ವಿರಾಜಪೇಟೆಯ ನಿಮ್ಮ ಅಕ್ಕನಿಗೆ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದೆ, ಉರಿಮೂತ್ರಕ್ಕೆ ಮಾತ್ರೆ ನುಂಗಿದ ವಾರಕ್ಕೆ ದದ್ದು ಎದ್ದಿದೆ ಎಂದಿದ್ದೀರಿ.

ಮೊದಲು ಮಾತ್ರೆಯ ಹೆಸರು ನೋಡಿ. ಸಲ್ಫಮೆಥಾಕ್ಸಜೋಲ್ ಎಂದಿದ್ದರೆ ನನ್ನ ಅನುಮಾನ ಅದರ ಮೇಲೇ. ಈ ಸಲ್ಫಾ ಆಂಟಿಬಯಾಟಿಕ್ ಲೂಪಸ್ ಇರುವವರಿಗೆ ಒಗ್ಗದಿರುವುದು ಜಾಸ್ತಿ, ಕಾಯಿಲೆಯನ್ನೂ ಕೆರಳಿಸಬಹುದು. ಮುಂದಿನ ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ಫೋನ್ ಮಾಡಿ.

ದದ್ದು ಎಲ್ಲಿದೆ ಎಂಬುದೂ ಸುಳಿವು ಕೊಡುತ್ತದೆ. ಕಣದಲ್ಲಿ ಕಾಫಿ ಒಣಗಿಸುವಾಗ ಬಿಸಿಲು ತಾಗಿದ ಮುಖ, ಕುತ್ತಿಗೆ, ಮುಂಗೈಗಳಲ್ಲಷ್ಟೇ ಇದ್ದರೆ ಲೂಪಸ್ಸೇ ಇರಬಹುದು. ಬಟ್ಟೆಯೊಳಗಿನ ಎದೆ, ಬೆನ್ನಿಗೂ ಹರಡಿದ್ದರೆ ಔಷಧದ ಅಲರ್ಜಿಯ ಸಾಧ್ಯತೆ ಹೆಚ್ಚು. ಆದರೆ ಇಷ್ಟನ್ನೇ ನಂಬಿ ಕೂರಬೇಡಿ. ನಮ್ಮ ಮಳೆಗಾಲದಲ್ಲಿ ಉಗುರಿನ ಫಂಗಸ್‌ಗೆಂದು ನುಂಗುವ ಟರ್ಬಿನಾಫಿನ್ ಕೂಡ ಕೆಲವರಲ್ಲಿ ವಾರಗಳ ನಂತರ, ಬಿಸಿಲು ಬೀಳುವ ಜಾಗದಲ್ಲೇ ಬಳೆಯಾಕಾರದ ಲೂಪಸ್ ದದ್ದು ತರುತ್ತದೆ.

ಲೂಪಸ್‌ಗೆಂದೇ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರ ಮೊಣಕಾಲ ಕೆಳಗೆ ಏಟು ಬಿದ್ದಂತೆ ನೀಲಿ-ಬೂದು ಕಲೆ ಕಾಣಬಹುದು. ಅದಕ್ಕೆ ಹೆದರಿ ಸುಮ್ನೆ ಮಾತ್ರೆ ಬಿಡಬೇಡಿ. ಸ್ಟೀರಾಯ್ಡನ್ನಂತೂ ತಟ್ಟನೆ ನಿಲ್ಲಿಸಲೇಬಾರದು.

ದದ್ದಿನ ಜೊತೆ ಜ್ವರ, ಬಾಯಿಹುಣ್ಣು, ಕೆಂಗಣ್ಣು, ನೀರುಗುಳ್ಳೆ, ಚರ್ಮ ಸುಲಿಯುವುದು ಅಥವಾ ಉಸಿರುಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಪಟ್ಟಿಯೂ ಕೈಯಲ್ಲಿರಲಿ.