ಕಾಲಿಗೆ ಪೆಟ್ಟಾಗಿ ಲಾಯದಲ್ಲೇ ಇರುವ ಕುದುರೆ ಮರಿಗೆ ಏನು ತಿನ್ನಿಸಬೇಕು?

ಕಾಪುವಿನಿಂದ ಕೇಳಿದ್ದೀರಿ. ಹದಿನಾಲ್ಕು ತಿಂಗಳ ಹೆಣ್ಣು ಮರಿ, ತೂಕ ಸುಮಾರು 220 ಕಿಲೋ, ಮುಂಗಾಲಿಗೆ ಪೆಟ್ಟು, ಡಾಕ್ಟರು ಎರಡು ತಿಂಗಳು ಹೊರಗೆ ಬಿಡಬೇಡಿ ಅಂದಿದ್ದಾರೆ. ನೇಪಿಯರ್ ಹುಲ್ಲು, ಬೈಹುಲ್ಲು, ತೌಡು, ಬೇಯಿಸಿದ ಹುರುಳಿ ಈಗಲೂ ಹಾಗೇ ಕೊಡಬಹುದಾ ಅಂತ ನಿಮ್ಮ ಪ್ರಶ್ನೆ. ನಾವೂ ಪಡುಬಿದ್ರಿ ಹತ್ತಿರ ಕುದುರೆ ಸಾಕುತ್ತೇವೆ, ಹಾಗಾಗಿ ಹೇಳುತ್ತೇನೆ.

ಹುರುಳಿ ಇಳಿಸಿ. ಓಡಾಟ ಇಲ್ಲದ ಮರಿಗೆ ಅಷ್ಟು ಕಾಳು ಕೊಟ್ಟರೆ ಮೈ ಬರುತ್ತದೆ, ಆ ಭಾರವೆಲ್ಲ ಪೆಟ್ಟಾದ ಕಾಲಿನ ಮೇಲೆ. ಲಾಯದಲ್ಲಿ ಒದೆಯಲು, ಕುಣಿಯಲು ಶುರು ಮಾಡುತ್ತದೆ. ಆದರೆ ಮರಿ ಮಲಗಿದ್ದರೂ ಮೂಳೆ ಬೆಳೆಯುವುದು ನಿಲ್ಲುವುದಿಲ್ಲ. ಶಕ್ತಿ ಕೊಡುವ ಕಾಳು ಕಡಿಮೆಯಾಗಲಿ, ಪ್ರೋಟೀನ್ ಮತ್ತು ಖನಿಜ ಕಡಿಮೆಯಾಗಬಾರದು. ಕಂಬಳದ ಕೋಣ ಸಾಕುವವರು ಹುರುಳಿ ಬೇಯಿಸಿ ಹಾಕಿ ಅಂತ ಹೇಳಿಯೇ ಹೇಳುತ್ತಾರೆ. ಕೋಣಕ್ಕೆ ಅದು ಸರಿ, ಲಾಯದಲ್ಲಿ ನಿಂತ ಮರಿಗೆ ಅಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ನೇಪಿಯರ್ ಮತ್ತು ತೌಡಿನ ಬಗ್ಗೆ. ನೇಪಿಯರ್‌ನಲ್ಲಿ ಆಕ್ಸಲೇಟ್ ಎಂಬ ರಾಸಾಯನಿಕ ಜಾಸ್ತಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಒಡೆಯುತ್ತವೆ, ಕುದುರೆಯಲ್ಲಿ ಹಾಗಾಗುವುದಿಲ್ಲ. ಅದರ ಮೇಲೆ ತೌಡು ಬೇರೆ. ತೌಡಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿಗೂ ಜಾಸ್ತಿ, ಬೇಕಾಗಿರುವುದು ಒಂದು ಭಾಗ ರಂಜಕಕ್ಕೆ ಒಂದೂವರೆಯಿಂದ ಎರಡು ಭಾಗ ಕ್ಯಾಲ್ಸಿಯಂ. ಎರಡೂ ಸೇರಿದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ದವಡೆ, ಮುಖದ ಮೂಳೆ ಊದಿಕೊಳ್ಳುತ್ತದೆ. ಅದಕ್ಕೂ ಮೊದಲು ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಕುಂಟುತ್ತದೆ. ಪೆಟ್ಟು ಇನ್ನೂ ವಾಸಿಯಾಗಿಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣಬಹುದು, ಮೂಳೆಯಿಂದ ತೆಗೆದು ತುಂಬಿಸುತ್ತಿರುತ್ತದಲ್ವಾ.

ಹಾಗಾಗಿ ತೌಡು ನಿಲ್ಲಿಸಿ, ನೇಪಿಯರ್ ಮುಖ್ಯ ಮೇವಾಗದಿರಲಿ. ಒಳ್ಳೆಯ ಒಣಹುಲ್ಲು (ಬೈಹುಲ್ಲಲ್ಲ, ಹಸಿಹುಲ್ಲು ಕೊಯ್ದು ಒಣಗಿಸಿದ್ದು) ದಿನಕ್ಕೆ ಮೂರೂವರೆ ಕಿಲೋ, ಒಣಗಿದ ಕುದುರೆ ಮೆಂತೆ (ಲೂಸರ್ನ್ ಮೇವು) ಒಂದು ಕಿಲೋ ಚಿಲ್ಲರೆ, ಸೋಯಾ ಹಿಂಡಿ ಕಾಲು ಕಿಲೋ. ಕುದುರೆ ಮೆಂತೆ ಘಟ್ಟದ ಮೇಲಿಂದ ತರಿಸಬೇಕಾಗುತ್ತದೆ, ದುಬಾರಿ, ಆದರೂ ಬಿಡಬೇಡಿ, ಕ್ಯಾಲ್ಸಿಯಂ ಬರುವುದು ಅದರಿಂದಲೇ. ತೆಂಗಿನ ಹಿಂಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಬೆಳೆಯುವ ಮರಿಗೆ ಬೇಕಾದ ಲೈಸಿನ್ ಎಂಬ ಪ್ರೋಟೀನಿನ ಅಂಶ ಅದರಲ್ಲಿ ಕಡಿಮೆ. ಕುದುರೆಯ ಖನಿಜ ಮಿಶ್ರಣ ಡಾಕ್ಟರು ಹೇಳಿದಷ್ಟು, ಒಂದು ದೊಡ್ಡ ಚಮಚ ಉಪ್ಪು. ಕ್ಯಾಲ್ಸಿಯಂ ಅಂತ ಎಲೆಅಡಿಕೆಯ ಸುಣ್ಣ ಮಾತ್ರ ಹಾಕಬೇಡಿ ಮಾರಾಯ್ರೆ, ಬಾಯಿ ಸುಡುತ್ತದೆ. ಕೋಳಿ ಆಹಾರದ ಹತ್ತಿರವೂ ಬಿಡಬೇಡಿ. ಅದರಲ್ಲಿ ಇರಬಹುದಾದ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ವಿಷ.

ಬದಲಾವಣೆ ಒಂದೇ ದಿನ ಬೇಡ, ಏಳರಿಂದ ಹತ್ತು ದಿನ ತೆಗೆದುಕೊಳ್ಳಿ.

ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಹಾಕಿ, ನಾಲ್ಕೈದು ಸಲ ಕೊಡಿ. ಹೊಟ್ಟೆ ಗಂಟೆಗಟ್ಟಲೆ ಖಾಲಿ ಬಿಟ್ಟರೆ ಹುಣ್ಣಾಗುತ್ತದೆ, ನೋವಿನ ಮಾತ್ರೆ ನಡೆಯುತ್ತಿದ್ದರೆ ಇನ್ನೂ ಬೇಗ. ನಡೆದಾಡದ ಕುದುರೆಗೆ ಲದ್ದಿ ಕಟ್ಟಿ ಹೊಟ್ಟೆನೋವು ಬರುವುದೂ ಸುಲಭ. ಲದ್ದಿ ಒದ್ದೆಯಾಗಿ, ಒತ್ತಿದರೆ ಒಡೆಯುವಂತಿರಬೇಕು. ಚಿಕ್ಕದಾಗಿ ಗಟ್ಟಿಯಾಗಿ ಬೀಳುತ್ತಿದ್ದರೆ ನೀರು ಸಾಲುತ್ತಿಲ್ಲ. ಬಕೆಟ್ಟಿನಲ್ಲಿ ಅಳೆದು ನೋಡಿ, ದಿನಕ್ಕೆ ಹತ್ತು ಲೀಟರಿಗಿಂತ ಕೆಳಗಿಳಿದರೆ ಒಣಹುಲ್ಲನ್ನು ನೆನೆಸಿ ಕೊಡಿ. ಮಳೆಗಾಲದಲ್ಲಿ ಬೈಹುಲ್ಲು, ಒಣಹುಲ್ಲು ಎರಡಕ್ಕೂ ಬೂಸ್ಟು ಬೇಗ ಹಿಡಿಯುತ್ತದೆ. ಕಟ್ಟು ಬಿಚ್ಚಿ ಮೂಗಿಗೆ ಹಿಡಿಯಿರಿ. ಹಳಸು ವಾಸನೆ ಬಂದರೆ, ಬೂದಿಯಂಥ ಹುಡಿ ಹಾರಿದರೆ ದನಕ್ಕೂ ಹಾಕದೆ ತೋಟಕ್ಕೆ ಸುರಿಯಿರಿ.

ಡಾಕ್ಟರು ನಡೆಸಬಹುದು ಅಂದ ಮೇಲೆ ಪಾಪ ಬಡಕಲಾಗಿದೆ ಅಂತ ಒಮ್ಮೆಲೇ ಕಾಳು ಸುರಿಯುವುದು ಬೇಡ. ತಡೆದಿದ್ದ ಬೆಳವಣಿಗೆ ಸಡನ್ನಾಗಿ ಓಡಿದರೆ ಕೀಲುಗಳು ಕೆಡುತ್ತವೆ. ವಾರವಾರ ಸ್ವಲ್ಪ ಸ್ವಲ್ಪ ಏರಿಸಿ, ಎದೆಯ ಸುತ್ತಳತೆ ಟೇಪಿನಲ್ಲಿ ಅಳೆದು ಬರೆದಿಡಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಾಡಿಸಿದರೆ ಸಿಗಬೇಕು. ಮೊಣಕಾಲಿನ ಸ್ವಲ್ಪ ಮೇಲೆ ಊತ, ಬಿಸಿ ಕಂಡರೆ ಅವತ್ತೇ ಕಾಳು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಹುಲ್ಲು, ಸೋಯಾ, ಖನಿಜ ಮಾತ್ರ ಹಾಗೇ ನಡೆಯಲಿ.