ಕಳಿಸಿದ್ದೆಷ್ಟು, ಕೈಸೇರಿದ್ದೆಷ್ಟು?

ಉಳಿತಾಯ ತಾಯ್ನಾಡಿನ ಬ್ಯಾಂಕಿನಲ್ಲಿ, ಬದುಕು ಇನ್ನೊಂದು ದೇಶದಲ್ಲಿ. ಆ ಹಣವನ್ನು ಈಗಿರುವ ದೇಶದ ಖಾತೆಗೆ ತರಿಸಿಕೊಳ್ಳುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ತಾಯ್ನಾಡಿನ ಬ್ಯಾಂಕಿನಿಂದ ನನ್ನ ಇಲ್ಲಿನ ಖಾತೆಗೆ 2,000 ಡಾಲರ್ ಕಳಿಸಿಕೊಂಡೆ. ಶುಲ್ಕ ಬೇರೆಯಾಗಿಯೇ ಕಟ್ಟಿದ್ದೆ. ಆದರೂ ಜಮೆಯಾದದ್ದು 1,962. ಎರಡೂ ಬ್ಯಾಂಕಿನವರು ‘ನಾವು ಮುರಿದುಕೊಂಡಿಲ್ಲ’ ಅನ್ನುತ್ತಾರೆ. 38 ಡಾಲರ್ ಎಲ್ಲಿ ಹೋಯಿತು?

ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಸ್ವಿಫ್ಟ್ ಎನ್ನುವುದು ಹಣ ಹೊರುವ ಗಾಡಿಯಲ್ಲ, ಬ್ಯಾಂಕುಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲ. ಬ್ಯಾಂಕುಗಳೇ ಸೇರಿ 1973ರಲ್ಲಿ ಬೆಲ್ಜಿಯಂನಲ್ಲಿ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು. ಸಂದೇಶ ಹೋದ ಹಾದಿಯಲ್ಲಿ ಪ್ರತಿ ಬ್ಯಾಂಕೂ ತನ್ನ ಪುಸ್ತಕದಲ್ಲಿ ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಜಮೆ ಬರೆಯುತ್ತದೆ, ಅಷ್ಟೇ. ಕಳಿಸುವ ಬ್ಯಾಂಕಿಗೂ ಪಡೆಯುವ ಬ್ಯಾಂಕಿಗೂ ನೇರ ಲೆಕ್ಕವಿಲ್ಲದಿದ್ದರೆ ಇಬ್ಬರ ಖಾತೆಯನ್ನೂ ಇಟ್ಟುಕೊಂಡಿರುವ ಮೂರನೆಯ ಬ್ಯಾಂಕು ನಡುವೆ ಬರುತ್ತದೆ. ಡಾಲರ್ ಆದರೆ ಸಾಮಾನ್ಯವಾಗಿ ಅದು ಅಮೆರಿಕದ ಯಾವುದಾದರೂ ದೊಡ್ಡ ಬ್ಯಾಂಕು. ಇದೇ ಕರೆಸ್ಪಾಂಡೆಂಟ್ ಬ್ಯಾಂಕ್. ನಿಮ್ಮ 38 ಡಾಲರ್ ಬಹುತೇಕ ಅಲ್ಲೇ ಉಳಿದಿದೆ. ಕೆಲವೊಮ್ಮೆ ನಡುವೆ ಇಂಥ ಎರಡು ಬ್ಯಾಂಕುಗಳೂ ಇರುತ್ತವೆ.

ಇದನ್ನು ತೀರ್ಮಾನಿಸುವುದು ಅರ್ಜಿಯಲ್ಲಿನ ಒಂದು ಪುಟ್ಟ ಚೌಕ. ‘ಓಯುಆರ್’ ಎಂದು ಗುರುತಿಸಿದರೆ ಹಾದಿಯ ಎಲ್ಲ ಶುಲ್ಕವೂ ಕಳಿಸುವವರದು. ‘ಎಸ್‌ಎಚ್‌ಎ’ ಅಂದರೆ ಕಳಿಸುವವರು ತಮ್ಮ ಬ್ಯಾಂಕಿನದನ್ನು ಮಾತ್ರ ಕಟ್ಟುತ್ತಾರೆ, ಮುಂದಿನದೆಲ್ಲ ಮೊತ್ತದಿಂದಲೇ ಮುರಿಯುತ್ತದೆ. ‘ಬಿಇಎನ್’ ಅಂದರೆ ಎಲ್ಲವೂ ಪಡೆಯುವವರ ಪಾಲಿನಿಂದ. ಏನನ್ನೂ ಗುರುತಿಸದೆ ಬಿಟ್ಟರೆ ಹೆಚ್ಚಿನ ಬ್ಯಾಂಕುಗಳು ‘ಎಸ್‌ಎಚ್‌ಎ’ ಎಂದೇ ತೆಗೆದುಕೊಳ್ಳುತ್ತವೆ. ನಿಮಗೆ ಆಗಿರುವುದು ಅದೇ ಇರಬೇಕು.

ವಿಶ್ವವಿದ್ಯಾಲಯದ ಶುಲ್ಕ, ಮನೆಯ ಮುಂಗಡದಂಥ ಕರಾರುವಾಕ್ಕಾಗಿ ತಲುಪಲೇಬೇಕಾದ ಮೊತ್ತಕ್ಕೆ ‘ಓಯುಆರ್’ ಆರಿಸಿ. ಹತ್ತು ಡಾಲರ್ ಕಡಿಮೆ ಬಿದ್ದರೂ ಅಲ್ಲಿ ‘ಬಾಕಿ ಇದೆ’ ಎಂದೇ ದಾಖಲಾಗುತ್ತದೆ. ಸ್ವಂತ ಖಾತೆಗೆ ತರಿಸಿಕೊಳ್ಳುವಾಗ ‘ಎಸ್‌ಎಚ್‌ಎ’ ಸಾಕು, ಅನೇಕ ಸಲ ಅದೇ ಅಗ್ಗ. ಡಾಲರ್ ವಿಷಯದಲ್ಲಿ ಮಾತ್ರ ‘ಓಯುಆರ್’ ಹಾಕಿದರೂ ನಡುವಿನವರು ಮುರಿಯುವುದುಂಟು. ಆದ್ದರಿಂದ ‘ಪೂರ್ತಿ ಮೊತ್ತ ತಲುಪುವ ಖಾತರಿ ಕೊಡುತ್ತೀರಾ’ ಎಂದು ಬ್ಯಾಂಕನ್ನು ಬಾಯಿಬಿಟ್ಟು ಕೇಳಿ. ಈಗ ಆಗಿಹೋದದ್ದಕ್ಕೆ ಕಳಿಸಿದ ಬ್ಯಾಂಕಿನಿಂದ ಪಾವತಿ ಸಂದೇಶದ ಪ್ರತಿ ಪಡೆಯಿರಿ. ಹಿಂದೆ ಇದಕ್ಕೆ ಎಂಟಿ 103 ಎಂಬ ಹೆಸರಿತ್ತು. 2025ರ ನವೆಂಬರಿನಿಂದ ಬ್ಯಾಂಕುಗಳ ನಡುವೆ ಓಡಾಡುವುದು ಪ್ಯಾಕ್ಸ್ 008 ಎಂಬ ಹೊಸ ನಮೂನೆ. ಕೌಂಟರಿನಲ್ಲಿ ಈಗಲೂ ಹಳೆಯ ಹೆಸರೇ ಬಾಯಲ್ಲಿದೆ, ಹಾಗೆ ಕೇಳಿದರೂ ಸರಿಯೇ. ಮೊತ್ತ ಹೊರಟಾಗ ಎಷ್ಟಿತ್ತು, ಶುಲ್ಕದ ಆಯ್ಕೆ ಯಾವುದಿತ್ತು ಎರಡೂ ಅದರಲ್ಲಿವೆ. ಪಡೆದ ಬ್ಯಾಂಕಿಗೆ ಬಂದ ಸಂದೇಶದಲ್ಲಿ ಹಾದಿಯಲ್ಲಿ ಕಳೆದದ್ದೂ ನಮೂದಾಗಿರಬೇಕು.

ಪ್ರಶ್ನೆ: ‘ಶೂನ್ಯ ಶುಲ್ಕ’ ಎನ್ನುವ ಸೇವೆ ಒಂದು ಕಡೆ, 25 ಪೌಂಡ್ ಶುಲ್ಕ ಹೇಳುವವರು ಇನ್ನೊಂದು ಕಡೆ. ಶೂನ್ಯವೇ ಲಾಭ ಅಲ್ಲವೆ?

ಮೊತ್ತ ಎಷ್ಟು ಎಂದು ತಿಳಿಯದೆ ಉತ್ತರವಿಲ್ಲ. ಶುಲ್ಕ ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಇರುವುದು ವಿನಿಮಯ ದರದಲ್ಲಿ. ಮಾರುಕಟ್ಟೆಯ ಕೊಳ್ಳುವ ಮಾರುವ ದರಗಳ ನಡುವಿನದನ್ನು ಮಧ್ಯದರ ಅನ್ನುತ್ತಾರೆ. ನಿಮಗೆ ಕೊಡುವ ದರ ಅದಕ್ಕಿಂತ ಎಷ್ಟು ಕೆಳಗಿದೆಯೋ ಅದೇ ಅವರ ಸಂಪಾದನೆ.

ಲೆಕ್ಕಕ್ಕೆಂದು ಮಧ್ಯದರ ಪೌಂಡಿಗೆ 1.3000 ಡಾಲರ್ ಎಂದಿಟ್ಟುಕೊಳ್ಳಿ. ಶೂನ್ಯ ಶುಲ್ಕದವರು ಕೊಡುವುದು 1.2610, ಅಂದರೆ ಶೇ. 3 ಕಡಿಮೆ. 25 ಪೌಂಡ್ ಹೇಳಿದವರದು 1.2935, ಅಂದರೆ ಅರ್ಧ ಶೇಕಡಾ ಕಡಿಮೆ. 5,000 ಪೌಂಡ್ ಕಳಿಸಿದರೆ ಮೊದಲನೆಯವರಿಂದ ಬರುವುದು 6,305 ಡಾಲರ್. ಎರಡನೆಯವರಿಂದ, ಶುಲ್ಕ ಕಳೆದ 4,975 ಪೌಂಡಿಗೆ, 6,435. ಶುಲ್ಕ ಕಟ್ಟಿದವರಿಗೇ 130 ಡಾಲರ್ ಹೆಚ್ಚು! ಅದೇ 200 ಪೌಂಡ್ ಆದರೆ ಲೆಕ್ಕ ತಿರುವುಮುರುವು: ಮೊದಲನೆಯದು 252, ಎರಡನೆಯದು 226. ಈ ದರಗಳಲ್ಲಿ 1,000 ಪೌಂಡಿನ ಆಸುಪಾಸಿನಲ್ಲಿ ತಕ್ಕಡಿ ಸಮ.

ಆದ್ದರಿಂದ ಯಾರನ್ನೇ ಆಗಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ‘ನನ್ನ ಖಾತೆಯಿಂದ ಇಷ್ಟು ಹೋದರೆ ಆ ಖಾತೆಗೆ ಎಷ್ಟು ಸೇರುತ್ತದೆ?’ ಇಬ್ಬರನ್ನೂ ಒಂದೇ ಗಂಟೆಯೊಳಗೆ ಕೇಳಿ, ದರ ದಿನವಿಡೀ ಏರಿಳಿಯುತ್ತಿರುತ್ತದೆ. ಹೇಳಿದ ದರ ಎಷ್ಟು ಹೊತ್ತು ಊರ್ಜಿತ ಎಂಬುದನ್ನೂ ಬರೆಸಿಕೊಳ್ಳಿ.

ಇನ್ನೊಂದು ಎಚ್ಚರ, ಇದರಲ್ಲೇ ಹೆಚ್ಚು ಜನ ಕಳೆದುಕೊಳ್ಳುವುದು. ಹಣ ಎರಡು ಸಲ ವಿನಿಮಯ ಆಗಬಾರದು. ನಿಮ್ಮದು ಯೂರೋ ಖಾತೆ, ಕಳಿಸುವ ಬ್ಯಾಂಕು ಡಾಲರಿನಲ್ಲಿ ಕಳಿಸಿತು ಅನ್ನಿ. ಮೊದಲು ತಾಯ್ನಾಡಿನ ಹಣ ಡಾಲರಾಯಿತು, ತಲುಪಿದ ಮೇಲೆ ಪಡೆದ ಬ್ಯಾಂಕು ತನ್ನಿಷ್ಟದ ದರದಲ್ಲಿ ಯೂರೋ ಮಾಡಿತು. ಎರಡು ಕಡೆಯೂ ಲಾಭಾಂಶ ಕೊಟ್ಟಿರಿ. ಕಳಿಸುವ ನಾಣ್ಯವೂ ಪಡೆಯುವ ಖಾತೆಯ ನಾಣ್ಯವೂ ಒಂದೇ ಇರಲಿ.

ಪ್ರಶ್ನೆ: ಅರ್ಜಿ ಐಬ್ಯಾನ್ ಕೇಳುತ್ತಿದೆ. ನನ್ನ ಖಾತೆ ಅಮೆರಿಕದಲ್ಲಿದೆ, ಅಲ್ಲಿನ ಬ್ಯಾಂಕು ‘ನಮ್ಮಲ್ಲಿ ಅದಿಲ್ಲ’ ಅನ್ನುತ್ತದೆ.

ಬ್ಯಾಂಕು ಹೇಳಿದ್ದು ಸರಿ. ಐಬ್ಯಾನ್ ಅಂದರೆ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಐಬ್ಯಾನ್ ಇಲ್ಲ. ಅಮೆರಿಕಕ್ಕೆ ಬೇಕಾದದ್ದು ಖಾತೆ ಸಂಖ್ಯೆ, ದೇಶದೊಳಗೆ ಬ್ಯಾಂಕನ್ನು ಗುರುತಿಸುವ 9 ಅಂಕಿಯ ರೂಟಿಂಗ್ ನಂಬರ್ ಮತ್ತು ಸ್ವಿಫ್ಟ್ ಜಾಲದಲ್ಲಿ ಗುರುತಿಸುವ ಸ್ವಿಫ್ಟ್ ಕೋಡ್. ಕೆಲವು ಬ್ಯಾಂಕುಗಳಿಗೆ ಎರಡು ರೂಟಿಂಗ್ ನಂಬರ್ ಇರುತ್ತವೆ, ದೇಶದೊಳಗಿನ ಎಸಿಎಚ್ ಪಾವತಿಗೆ ಒಂದು, ವೈರ್‌ಗೆ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಒಂದೊಂದಾಗಿ ಹೋಗುವ ವರ್ಗಾವಣೆಗೆ, ಇನ್ನೊಂದು. ಚೆಕ್ಕಿನ ತಳದಲ್ಲಿ ಅಚ್ಚಾಗಿರುವುದು ವೈರ್‌ಗೆ ನಡೆಯದೆ ಹಣ ಮರಳಿ ಬರುವುದುಂಟು. ‘ಹೊರದೇಶದಿಂದ ಬರುವ ವೈರ್‌ಗೆ ಯಾವುದು’ ಎಂದೇ ಕೇಳಿ. ಸಣ್ಣ ಬ್ಯಾಂಕು, ಕ್ರೆಡಿಟ್ ಯೂನಿಯನ್‌ಗಳಿಗೆ ಸ್ವಂತ ಸ್ವಿಫ್ಟ್ ಕೋಡೇ ಇರುವುದಿಲ್ಲ. ಅವರು ದೊಡ್ಡ ಬ್ಯಾಂಕೊಂದರ ಮೂಲಕ ಪಡೆಯುತ್ತಾರೆ. ಆಗ ಮಧ್ಯವರ್ತಿ ಬ್ಯಾಂಕಿನ ಕೋಡ್, ಅಲ್ಲಿ ನಿಮ್ಮ ಬ್ಯಾಂಕಿನ ಖಾತೆ, ಕೊನೆಗೆ ನಿಮ್ಮ ಹೆಸರು ಮತ್ತು ಖಾತೆ, ಮೂರೂ ತಂತಮ್ಮ ಜಾಗದಲ್ಲೇ ಇರಬೇಕು. ‘ಒಳಬರುವ ವೈರ್ ಸೂಚನೆ’ ಎಂಬ ಹಾಳೆ ಅವರಲ್ಲಿ ತಯಾರಿರುತ್ತದೆ. ಅದನ್ನು ಹಾಗೆಯೇ ಎತ್ತಿ ಬರೆಯಿರಿ, ಜಾಣತನ ಸೇರಿಸಬೇಡಿ.

ಆಸ್ಟ್ರೇಲಿಯಾಕ್ಕೆ ಬ್ಯಾಂಕು, ಶಾಖೆಯನ್ನು ಹೇಳುವ 6 ಅಂಕಿಯ ಬಿಎಸ್‌ಬಿ. ಕೆನಡಾಕ್ಕೆ ಶಾಖೆಯನ್ನು ಹೇಳುವ 5 ಅಂಕಿಯ ಟ್ರಾನ್ಸಿಟ್ ಮತ್ತು 3 ಅಂಕಿಯ ಬ್ಯಾಂಕ್ ಸಂಖ್ಯೆ. ಐಬ್ಯಾನ್ ಇರುವ ದೇಶಗಳಲ್ಲಿ ಉದ್ದ ಗೊತ್ತುಪಡಿಸಿದ್ದು: ಜರ್ಮನಿ, ಬ್ರಿಟನ್‌ಗೆ 22, ಯುಎಇಗೆ 23, ಫ್ರಾನ್ಸಿಗೆ 27. ಒಂದು ಅಕ್ಷರ ತಪ್ಪಿದರೂ ಕಂಪ್ಯೂಟರ್ ಹಿಡಿಯುತ್ತದೆ, ಏಕೆಂದರೆ ದೇಶದ ಎರಡು ಅಕ್ಷರಗಳ ನಂತರ ಬರುವ ಎರಡು ಅಂಕಿ ಇಡೀ ಸಂಖ್ಯೆಯನ್ನು 97ರಿಂದ ಭಾಗಿಸಿ ತೆಗೆದ ತಾಳೆ ಅಂಕಿಗಳು. ಆದರೆ ಸಂಖ್ಯೆ ಸರಿಯಿದೆ ಎಂದಷ್ಟೇ ಅದು ಹೇಳಬಲ್ಲದು, ಆ ಖಾತೆ ನಿಮ್ಮದೇ ಎಂದಲ್ಲ. ಸ್ವಿಫ್ಟ್ ಕೋಡ್ 8 ಅಥವಾ 11 ಅಕ್ಷರದ್ದು. 11 ಇದ್ದರೆ ಕೊನೆಯ 3 ಶಾಖೆಯನ್ನು ಹೇಳುತ್ತವೆ, ಅಲ್ಲಿ ಮೂರು ಎಕ್ಸ್ ಇದ್ದರೆ ಪ್ರಧಾನ ಕಚೇರಿ.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ನನಗೆ ಒಂದೇ ಹೆಸರು. ತಾಯ್ನಾಡಿನ ಖಾತೆಯಲ್ಲಿ ಇನಿಷಿಯಲ್ ಇದೆ, ಹೊಸ ಖಾತೆಯಲ್ಲಿ ಅಪ್ಪನ ಹೆಸರು ಕೊನೆಯ ಹೆಸರಾಗಿದೆ. ತೊಂದರೆಯಾದೀತೆ?

ಆದೀತು. ಪಡೆಯುವವರ ಹೆಸರಿನ ಜಾಗದಲ್ಲಿ ಹೊಸ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಹೇಗಿದೆಯೋ ಹಾಗೆಯೇ, ಅದೇ ಕ್ರಮದಲ್ಲಿ, ಬರೆಯಿರಿ. ಬ್ರಿಟನ್ನಿನಲ್ಲೂ ಯೂರೋ ವಲಯದಲ್ಲೂ ದೇಶದೊಳಗಿನ ಪಾವತಿಗೆ ಹೆಸರು ಮತ್ತು ಖಾತೆ ತಾಳೆ ನೋಡುವ ವ್ಯವಸ್ಥೆ ಈಗಾಗಲೇ ಬಂದಿದೆ. ಹೊರದೇಶದ ಹಣ ಬಂದಾಗ ಅನೇಕ ಬ್ಯಾಂಕುಗಳಲ್ಲಿ ಸಿಬ್ಬಂದಿಯೇ ಕೂತು ನೋಡುತ್ತಾರೆ. ಎರಡು ಹೆಸರೂ ಒಬ್ಬರದೇ ಎನ್ನುವ ದಾಖಲೆಯನ್ನು ಪಡೆಯುವ ಬ್ಯಾಂಕಿಗೆ ಮೊದಲೇ ಕೊಟ್ಟಿರಿ. ಹಣ ಬಂದು ನಿಂತ ಮೇಲೆ ಕೊಡಲು ಹೋದರೆ ವಾರ ಹಿಡಿಯುತ್ತದೆ.

ಪ್ರಶ್ನೆ: ಐದು ದಿನವಾಯಿತು, ಹಣದ ಸುಳಿವಿಲ್ಲ.

ಮೊದಲು ಕ್ಯಾಲೆಂಡರ್ ನೋಡಿ. ಮೂರು ದೇಶದ ರಜೆ ಲೆಕ್ಕಕ್ಕೆ ಬರುತ್ತದೆ: ಕಳಿಸುವ ದೇಶ, ಪಡೆಯುವ ದೇಶ, ಆ ನಾಣ್ಯದ ದೇಶ. ಕಳಿಸುವ, ಪಡೆಯುವ ಎರಡೂ ಬ್ಯಾಂಕು ಅಮೆರಿಕದಲ್ಲಿಲ್ಲದಿದ್ದರೂ ಡಾಲರ್ ಪಾವತಿ ಅಮೆರಿಕದ ಬ್ಯಾಂಕ್ ರಜೆಗೆ ನಿಲ್ಲುತ್ತದೆ. ಸೌದಿಯಲ್ಲಿ ವಾರಾಂತ್ಯ ಶುಕ್ರವಾರ ಶನಿವಾರ. ಯುಎಇ 2022ರ ಜನವರಿಯಿಂದ ಶನಿವಾರ ಭಾನುವಾರಕ್ಕೆ ಬದಲಾಗಿದೆ. ಬ್ಯಾಂಕಿನ ಸಮಯಮಿತಿ ಮುಗಿದ ಮೇಲೆ ಕೊಟ್ಟ ಅರ್ಜಿ ಮರುದಿನದ್ದು.

ರಜೆ ಕಾರಣವಲ್ಲದಿದ್ದರೆ ಕಳಿಸಿದ ಬ್ಯಾಂಕಿನಿಂದ ಯುಇಟಿಆರ್ ಕೇಳಿ ಪಡೆಯಿರಿ. ಅಡ್ಡಗೆರೆ ಸೇರಿ 36 ಅಕ್ಷರದ ಈ ಗುರುತು ಮೊದಲ ಬ್ಯಾಂಕಿನಿಂದ ಕೊನೆಯ ಬ್ಯಾಂಕಿನ ತನಕ ಬದಲಾಗುವುದಿಲ್ಲ. ಬ್ಯಾಂಕಿನ ಸ್ವಂತ ರೆಫರೆನ್ಸ್ ನಂಬರ್ ಆ ಬ್ಯಾಂಕಿನ ಹೊರಗೆ ಯಾರಿಗೂ ಅರ್ಥವಾಗದು. ಯುಇಟಿಆರ್ ಇದ್ದರೆ ಹಣ ಈಗ ಯಾವ ಬ್ಯಾಂಕಿನಲ್ಲಿ ಕೂತಿದೆ ಎಂದು ಅವರು ಪರದೆಯ ಮೇಲೆ ನೋಡಬಲ್ಲರು. ಪಾವತಿಯ ಜಾಡು ಹಿಡಿಯಲು ಸ್ವಿಫ್ಟ್ 2017ರಲ್ಲಿ ತಂದ ಜಿಪಿಐ ವ್ಯವಸ್ಥೆಯ ದೊಡ್ಡ ಉಪಕಾರ ಇದು.

ನಡುವೆ ನಿಲ್ಲಲು ಸಾಮಾನ್ಯ ಕಾರಣ ತಪಾಸಣೆ. ನಿರ್ಬಂಧಿತರ ಪಟ್ಟಿಯಲ್ಲಿರುವ ಯಾವುದೋ ಹೆಸರಿಗೆ ನಿಮ್ಮ ಹೆಸರು ಹೋಲಿದರೆ ಸಾಕು, ಮಧ್ಯದ ಬ್ಯಾಂಕು ಜನ್ಮದಿನಾಂಕವನ್ನೋ ವಿಳಾಸವನ್ನೋ ಕೇಳುತ್ತದೆ. ಆ ಪ್ರಶ್ನೆ ಬರುವುದು ಕಳಿಸಿದ ಬ್ಯಾಂಕಿಗೆ, ನಿಮಗಲ್ಲ. ಅಲ್ಲಿ ಯಾರೂ ಗಮನಿಸದಿದ್ದರೆ ಕಡತ ಹಾಗೇ ಮಲಗಿರುತ್ತದೆ. ಆದ್ದರಿಂದ ‘ಹಣ ಯಾಕೆ ಬಂದಿಲ್ಲ’ ಎಂದು ಕೇಳುವ ಬದಲು ‘ಈ ಪಾವತಿಯ ಮೇಲೆ ಯಾವುದಾದರೂ ವಿಚಾರಣೆ ಬಂದಿದೆಯೇ, ಉತ್ತರ ಹೋಗಿದೆಯೇ’ ಎಂದು ಕೇಳಿ. ಅರ್ಧ ವಿಳಾಸ ಬರೆದದ್ದು, ಅಂಚೆ ಪೆಟ್ಟಿಗೆ ಸಂಖ್ಯೆ ಮಾತ್ರ ಕೊಟ್ಟದ್ದು, ಯುಎಇಯಂಥ ದೇಶಕ್ಕೆ ಪಾವತಿಯ ಉದ್ದೇಶದ ಕೋಡ್ ಬಿಟ್ಟದ್ದು, ಇವೂ ಕಾರಣಗಳೇ. ಷರಾ ಬರೆಯುವ ಜಾಗದಲ್ಲಿ ‘ವೈಯಕ್ತಿಕ’ ಎಂದು ಬಿಡಬೇಡಿ. ‘ಸ್ವಂತ ಉಳಿತಾಯದ ವರ್ಗಾವಣೆ’ ಎಂದರೆ ಪ್ರಶ್ನೆ ಏಳುವುದು ಕಡಿಮೆ.

ಪ್ರಶ್ನೆ: ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿ ಹೋಗಿದೆ. ವಾಪಸ್ ಬರುತ್ತದೆಯೆ?

ಈ ಗಳಿಗೆಯಲ್ಲೇ ಕಳಿಸಿದ ಬ್ಯಾಂಕಿಗೆ ರೀಕಾಲ್ ಕೋರಿಕೆ, ಅಂದರೆ ಹಣ ಹಿಂದಕ್ಕೆ ತರಿಸುವ ಕೋರಿಕೆ, ಕೊಡಿ, ಗಂಟೆಗಳೂ ಮುಖ್ಯ. ಅಂಥ ಖಾತೆಯೇ ಇಲ್ಲದಿದ್ದರೆ ಹಣ ತಾನಾಗಿ ಮರಳುತ್ತದೆ, ಆದರೆ ಶುಲ್ಕ ಕಳೆದು, ಆ ದಿನದ ದರದಲ್ಲಿ. ಬೇರೆಯವರ ಖಾತೆಗೆ ಜಮೆಯಾಗಿದ್ದರೆ ಹಿಂದಿರುಗಿಸಲು ಸಾಮಾನ್ಯವಾಗಿ ಅವರ ಒಪ್ಪಿಗೆ ಬೇಕು, ಒಪ್ಪದಿದ್ದರೆ ಕಾನೂನಿನ ದಾರಿಯೇ ಗತಿ. ಹೊಸ ಖಾತೆಗೆ ಮೊದಲು ಸಣ್ಣ ಮೊತ್ತ ಕಳಿಸಿ, ಅದು ತಲುಪಿದ್ದನ್ನು ಕಣ್ಣಾರೆ ನೋಡಿದ ಮೇಲೆ ದೊಡ್ಡದನ್ನು ಕಳಿಸಿ.

ಪ್ರಶ್ನೆ: ಮನೆ ಮಾರಿದ ದೊಡ್ಡ ಮೊತ್ತವನ್ನು ತರಿಸಿಕೊಳ್ಳಬೇಕು. ಯಾರೂ ಕೇಳದ ಹಾಗೆ ಸಣ್ಣ ಸಣ್ಣದಾಗಿ ಒಡೆದು ಕಳಿಸುವುದು ಒಳ್ಳೆಯದೆಂದು ಗೆಳೆಯರು ಹೇಳುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಒಡೆದು ಕಳಿಸುವ ಮಾದರಿಯನ್ನು ಹಿಡಿಯಲೆಂದೇ ಬ್ಯಾಂಕಿನ ತಂತ್ರಾಂಶ ಕಾದಿರುತ್ತದೆ. ಬ್ಯಾಂಕು ಸರ್ಕಾರಕ್ಕೆ ವರದಿ ಮಾಡಬೇಕಾದ ಮೊತ್ತದ ಮಿತಿಯಿಂದ ತಪ್ಪಿಸಿಕೊಳ್ಳಲೆಂದು ವ್ಯವಹಾರ ಒಡೆಯುವುದು ಅಮೆರಿಕದಲ್ಲಂತೂ ತಾನೇ ಒಂದು ಅಪರಾಧ, ಹಣ ಪ್ರಾಮಾಣಿಕವಾದದ್ದಾದರೂ. ಹಣ ನಿಮ್ಮದೇ, ಮುಚ್ಚಿಡಲು ಏನೂ ಇಲ್ಲದಿರುವಾಗ ಮುಚ್ಚಿಟ್ಟವರಂತೆ ಯಾಕೆ ಕಾಣಿಸಿಕೊಳ್ಳಬೇಕು?

ಕ್ರಮ ಹೀಗಿರಲಿ. ಮೊದಲು ತಾಯ್ನಾಡಿನ ಕಾನೂನು: ಅನಿವಾಸಿಯೊಬ್ಬರು ವರ್ಷಕ್ಕೆ ಎಷ್ಟು ಹೊರಗೆ ಕಳಿಸಬಹುದು, ಯಾವ ಬಗೆಯ ಖಾತೆಯಿಂದ, ಮಾರಾಟದ ತೆರಿಗೆ ಕಟ್ಟಿದ ಪ್ರಮಾಣಪತ್ರ ಬೇಕೇ ಎಂದು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ. ಪಡೆಯುವ ಬ್ಯಾಂಕಿಗೆ ಹಣ ಹೊರಡುವ ಮೊದಲೇ ಮೊತ್ತ, ಅಂದಾಜು ದಿನಾಂಕ, ಕಳಿಸುವವರ ಹೆಸರು ತಿಳಿಸಿ. ಜೊತೆಗೆ ಕ್ರಯಪತ್ರ, ಖರೀದಿದಾರರಿಂದ ಹಣ ಬಂದದ್ದನ್ನು ತೋರಿಸುವ ಸ್ಟೇಟ್‌ಮೆಂಟ್, ತೆರಿಗೆ ರಸೀದಿ, ಇವುಗಳ ಅನುವಾದವನ್ನೂ ಕೊಡಿ. ಸರಪಳಿ ಎಲ್ಲೂ ಕಡಿಯಬಾರದು. ಖರೀದಿದಾರರ ಹಣ ತಮ್ಮನ ಖಾತೆಗೆ ಬಂದು, ಅಲ್ಲಿಂದ ನಿಮ್ಮದಕ್ಕೆ ಬಂದಿದ್ದರೆ ಆ ಕೊಂಡಿಗೂ ಕಾಗದ ಬೇಕು.

ವಾಸವಿರುವ ದೇಶದ ತೆರಿಗೆಯನ್ನೂ ಮರೆಯಬೇಡಿ. ಸ್ವಂತ ಹಣ ಗಡಿ ದಾಟಿದ ಮಾತ್ರಕ್ಕೆ ಅದು ಆದಾಯವಾಗುವುದು ಅಪರೂಪ. ಮನೆ ಮಾರಿ ಬಂದ ಲಾಭದ ಮಾತು ಬೇರೆ, ಅದಕ್ಕೆ ಆ ದೇಶದಲ್ಲೂ ತೆರಿಗೆ ಬೀಳಬಹುದು. ಒಇಸಿಡಿ ಎಂಬ ದೇಶಗಳ ಸಂಘಟನೆ ರೂಪಿಸಿದ ಸಿಆರ್‌ಎಸ್ ಒಪ್ಪಂದದಡಿ 2017ರಿಂದ ಅನೇಕ ದೇಶಗಳು ಖಾತೆಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತಿವೆ. ತಾಯ್ನಾಡಿನ ಖಾತೆ ವಾಸದ ದೇಶದ ತೆರಿಗೆಯವರಿಗೆ ಕಾಣದು ಎಂಬ ಲೆಕ್ಕಾಚಾರ ಈಗ ನಡೆಯದು.

ಹಣ ಕೈಸೇರಲು ತಿಂಗಳುಗಳಿದ್ದರೆ ಫಾರ್ವರ್ಡ್ ಒಪ್ಪಂದದಿಂದ ದರವನ್ನು ಇಂದೇ ಕಟ್ಟಿಹಾಕಬಹುದು. ಅದಕ್ಕೆ ಮುಂಗಡ ಇಡಬೇಕಾಗುತ್ತದೆ. ಮಾರಾಟ ಮುರಿದುಬಿದ್ದರೂ ಒಪ್ಪಂದ ಮುರಿಯುವುದಿಲ್ಲ, ಆದ್ದರಿಂದ ಕ್ರಯಪತ್ರಕ್ಕೆ ಸಹಿ ಬೀಳುವ ತನಕ ಅದಕ್ಕೆ ಕೈಹಾಕಬೇಡಿ.

ಪ್ರಶ್ನೆ: ಇಲ್ಲಿನ ಪರಿಚಿತರೊಬ್ಬರು ನನ್ನ ಖಾತೆಗೆ ಹಣ ಹಾಕುತ್ತಾರಂತೆ. ತಾಯ್ನಾಡಿನಲ್ಲಿ ಅವರು ಹೇಳಿದ ಖಾತೆಗೆ ನಾನು ಅಷ್ಟೇ ಹಾಕಬೇಕಂತೆ. ದರವೂ ಚೆನ್ನಾಗಿದೆ.

ಬೇಡ. ನಿಮ್ಮ ಖಾತೆಗೆ ಬರುವ ಆ ಹಣ ಯಾರಿಂದ ಕದ್ದದ್ದೋ ನಿಮಗೆ ತಿಳಿಯುವುದಿಲ್ಲ. ದೂರು ಬಂದ ದಿನ ಮೊದಲು ಸ್ತಂಭನವಾಗುವುದು ನಿಮ್ಮ ಖಾತೆ. ಅನೇಕ ದೇಶಗಳಲ್ಲಿ ಪರವಾನಗಿ ಇಲ್ಲದ ಇಂಥ ವಿನಿಮಯವೇ ಕಾನೂನುಬಾಹಿರ.

ಪ್ರಶ್ನೆ: ಮುಂದಿನ ತಿಂಗಳು ಹೊರಡುತ್ತಿದ್ದೇನೆ. ಈಗಲೇ ಏನು ಮಾಡಿಕೊಳ್ಳಬೇಕು?

ಒಟಿಪಿ. ಹೊರಟವರಲ್ಲಿ ಅನೇಕರು ಸಿಕ್ಕಿಬೀಳುವುದು ಇಲ್ಲೇ. ಹಳೆಯ ಸಿಮ್ ಸ್ಥಗಿತವಾದರೆ ಬ್ಯಾಂಕಿನ ಸಂದೇಶ ಬರುವುದಿಲ್ಲ, ನಂಬರ್ ಬದಲಿಸಲು ಶಾಖೆಗೆ ಖುದ್ದಾಗಿ ಬನ್ನಿ ಅನ್ನುತ್ತಾರೆ. ಸಿಮ್ ಜೀವಂತವಾಗಿಡುವ ಕನಿಷ್ಠ ಪ್ಲಾನ್ ಹಾಕಿಸಿ ರೋಮಿಂಗ್ ಚಾಲೂ ಮಾಡಿಸಿ, ಇಲ್ಲವೇ ಆ್ಯಪ್ ಮೂಲಕ ದೃಢೀಕರಣಕ್ಕೆ ಬದಲಾಯಿಸಿಕೊಳ್ಳಿ. ಹೊರದೇಶಕ್ಕೆ ಕಳಿಸುವ ಸೌಲಭ್ಯ ಆನ್‌ಲೈನಿನಲ್ಲಿ ಇದೆಯೇ, ಶಾಖೆಗೇ ಬರಬೇಕೇ, ದಿನದ ಮಿತಿ ಎಷ್ಟು, ಹೊಸ ಖಾತೆ ಸೇರಿಸಿದ ಮೇಲೆ ಎಷ್ಟು ಗಂಟೆ ಕಾಯಬೇಕು ಎಂದು ವಿಚಾರಿಸಿ. ವಾಸದ ದೇಶ ಬದಲಾದದ್ದನ್ನು ಬ್ಯಾಂಕಿಗೆ ತಿಳಿಸಿ. ಮುಚ್ಚಿಟ್ಟರೆ, ಗೊತ್ತಾದ ದಿನ ಖಾತೆ ಸ್ಥಗಿತವಾಗಬಹುದು. ಹೊಸ ದೇಶದಲ್ಲಿ ಖಾತೆ ತೆರೆಯಲು ವಿಳಾಸದ ದಾಖಲೆ ಬೇಕು, ಅದು ಸಿಗಲು ವಾರಗಳೇ ಹಿಡಿಯಬಹುದು. ಅಷ್ಟು ದಿನದ ಖರ್ಚಿಗೆ ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡುಗಳನ್ನು ಇಟ್ಟುಕೊಳ್ಳಿ. ಅಲ್ಲಿನ ಎಟಿಎಂ ‘ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎಂದು ಒತ್ತಿ.