ಈಜಿಪ್ಟ್ ಆಮೇಲೆ, ಮೊದಲು ನಿಮ್ಮೂರಿನ ಹೊಳೆ

ಟೀಚರೇ, ಪಿರಮಿಡ್, ಹಂಪಿ ತೋರಿಸಲು ಗೂಗಲ್ ಮ್ಯಾಪ್ಸ್ ಒಳ್ಳೆಯದೋ ಗೂಗಲ್ ಅರ್ಥೋ, ಕಣ್ಣಿಗೆ ಕಟ್ಟಿಕೊಂಡರೆ ಅಲ್ಲೇ ಇದ್ದ ಹಾಗೆ ತೋರಿಸುವ ವಿಆರ್ ಕನ್ನಡಕ ಕೊಳ್ಳಬೇಕೋ ಎಂದು ಕೇಳಿದ್ದೀರಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುವ ನಾನೂ ಇದನ್ನೇ ಕೇಳುತ್ತಾ ತಿರುಗಿದವನು.

ಮೊದಮೊದಲು ನಾನೂ ಪಿರಮಿಡ್ಡನ್ನೇ ತೋರಿಸಿದೆ. ಮಕ್ಕಳು ಸುಮ್ನೆ ಸಿನಿಮಾ ನೋಡಿದ ಹಾಗೆ ನೋಡಿದರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ‘ಮಾಷ್ಟ್ರೇ, ನಮ್ಮನೆ ಕಾಣ್ತದಾ?’ ಎಂದಳು. ಮೌಸ್ ಅವಳ ಕೈಗೇ ಕೊಟ್ಟೆ. ತೋಟ ಸಿಕ್ಕಿತು, ಮನೆಯ ಮಾಡು ಸಿಕ್ಕಿತು. ಅವರ ಮನೆಯ ನೀರಿನ ಸುರಂಗ ಮಾತ್ರ ಸಿಗಲಿಲ್ಲ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಪಂಪಿಲ್ಲದೆ ತಾನಾಗಿ ನೀರು ಹರಿದು ಬರುವಂಥದ್ದು. ಉಪಗ್ರಹಕ್ಕೆ ಹೇಗೆ ಕಂಡೀತು? ‘ಹಾಗಾದ್ರೆ ನಾವೇ ಗುರುತು ಹಾಕುವ’ ಎಂದರು ಮಕ್ಕಳು. ನಮ್ಮ ನಿಜವಾದ ಪಾಠ ಶುರುವಾದದ್ದು ಅಲ್ಲಿಂದ.

ಸುರಂಗಗಳಾದ ಮೇಲೆ ಹೊಳೆಯ ಹಳೆಯ ಕಡವುಗಳಿಗೆ, ಅಂದರೆ ದೋಣಿಯಲ್ಲಿ ದಾಟುತ್ತಿದ್ದ ಜಾಗಗಳಿಗೆ, ಬಂದೆವು. ಹಿಂದೆ ದೋಣಿ ನಡೆಸುತ್ತಿದ್ದ ಅಜ್ಜನೊಬ್ಬರನ್ನು ಲ್ಯಾಬಿನ ಕಂಪ್ಯೂಟರ್ ಮುಂದೆ ಕೂರಿಸಿದೆವು. ಅವರು ಪರದೆಗೆ ಬೆರಳು ತಾಗಿಸಿ ‘ಇನ್ನೂ ಸ್ವಲ್ಪ ಮೇಲೆ, ಹೊಳೆ ತಿರುಗುವಲ್ಲಿ ಒಂದು ಬಂಡೆ ಉಂಟಲ್ಲ, ಅಲ್ಲಿ’ ಎನ್ನುತ್ತಿದ್ದರು. ಮಕ್ಕಳು ಅಲ್ಲಿ ಪಿನ್ ಹಾಕಿ, ಅವರು ಹೇಳಿದ್ದನ್ನು ಕೆಳಗೆ ಟೈಪ್ ಮಾಡುತ್ತಿದ್ದರು. ಯಾವ ಮಳೆಗಾಲದಲ್ಲಿ ದೋಣಿ ನಿಂತಿತು, ಯಾರ ದಿಬ್ಬಣ ದಾಟಿತು, ಎಲ್ಲಾ.

ಅದಷ್ಟೂ ಹೋಯಿತು. ಹೇಗೆಂದು ಬಿಡಿಸಿ ಹೇಳುತ್ತೇನೆ, ನಿಮಗೂ ಹೀಗಾಗಬಾರದು. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡುವ ಗೂಗಲ್ ಅರ್ಥ್ ಪ್ರೋದಲ್ಲಿ ‘ಮೈ ಪ್ಲೇಸಸ್’ ಎಂಬಲ್ಲಿ ಪಿನ್‌ಗಳು ಉಳಿಯುತ್ತವೆ. ಇಂಟರ್ನೆಟ್ ಇದ್ದರಷ್ಟೇ ನಕ್ಷೆ ಬರುತ್ತಿತ್ತಲ್ವಾ, ಹಾಗಾಗಿ ಪಿನ್‌ಗಳೂ ಇಂಟರ್ನೆಟ್‌ನಲ್ಲೇ ಇರುತ್ತವೆ ಎಂದುಕೊಂಡಿದ್ದೆ. ಇಲ್ಲ. ಅವು ಇರುವುದು ಆ ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ರಜೆಯಲ್ಲಿ ವೈರಸ್ ಎಂದು ಲ್ಯಾಬಿನವೆಲ್ಲ ಫಾರ್ಮ್ಯಾಟ್ ಆದವು. ಶಾಲೆ ತೆರೆದಾಗ ಒಂದು ಪಿನ್ನೂ ಇರಲಿಲ್ಲ. ಮತ್ತೆ ಕೇಳೋಣವೆಂದರೆ ಅಜ್ಜ ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಸುರಂಗಗಳನ್ನು ಮತ್ತೆ ಗುರುತಿಸಿದೆವು. ಕಡವುಗಳು ಹೋದದ್ದು ಹೋಯಿತು.

ಆದ್ದರಿಂದ ಪ್ರತಿ ಕ್ಲಾಸ್ ಮುಗಿದ ಕೂಡಲೇ ಪಿನ್‌ಗಳಿರುವ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೇವ್ ಪ್ಲೇಸ್ ಆ್ಯಸ್’ ಕೊಡಿ. ಪಿನ್‌ಗಳೆಲ್ಲ ಒಟ್ಟಿಗೆ ಇರುವ ಕೆಎಂಝಡ್ ಎಂಬ ಫೈಲ್ ಬರುತ್ತದೆ, ಅದನ್ನು ಪೆನ್ ಡ್ರೈವಿಗೂ ಹಾಕಿ, ನಿಮ್ಮ ಮೇಲ್‌ಗೂ ಕಳಿಸಿಕೊಳ್ಳಿ. ಹಿರಿಯರ ಮಾತನ್ನು ಬರೀ ಟೈಪ್ ಮಾಡಬೇಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಬ್ರೌಸರ್‌ನ ಗೂಗಲ್ ಅರ್ಥ್‌ನಲ್ಲಿ ಪ್ರಾಜೆಕ್ಟ್ ಮಾಡಿದರೆ ಅದು ಇಂಟರ್ನೆಟ್‌ನಲ್ಲಿರುವ ನಿಮ್ಮ ಗೂಗಲ್ ಡ್ರೈವ್‌ನಲ್ಲಿ ಉಳಿಯುತ್ತದೆ. ನಾನೀಗ ಜಾಸ್ತಿ ಅದನ್ನೇ ಬಳಸುವುದು.

ವಿಆರ್ ಕನ್ನಡಕ ಬೇಡವೇ ಬೇಡ. ಒಬ್ಬ ನೋಡುವಾಗ ಉಳಿದವರು ಕಾಯಬೇಕು. ರಸ್ತೆಯಲ್ಲೇ ನಿಂತು ನೋಡಿದ ಹಾಗೆ ಚಿತ್ರ ತೋರಿಸುವ ಗೂಗಲ್‌ನ ಸ್ಟ್ರೀಟ್ ವ್ಯೂ ನೆಚ್ಚಿಕೊಂಡೂ ಕೂರಬೇಡಿ. 2022ರಲ್ಲಿ ಅದು ಭಾರತಕ್ಕೆ ಮರಳಿದ್ದು 10 ನಗರಗಳೊಂದಿಗೆ, ನಮ್ಮ ಗುಡ್ಡಗಳೊಂದಿಗಲ್ಲ. ಅದಕ್ಕಿಂತ ಅರ್ಥ್ ಪ್ರೋದ ಗಡಿಯಾರದ ಗುರುತು ಒತ್ತಿ ಹಳೆಯ ಚಿತ್ರಗಳನ್ನು ತೆರೆಯಿರಿ. ಗಡಿಯ ತಲಪಾಡಿಯಿಂದ ಈಚೆಗೆ ಹೆದ್ದಾರಿ ಅಗಲವಾಗುವ ಮೊದಲು ರಸ್ತೆ ಬದಿ ಏನೇನಿತ್ತು ಅಂತ ಮಕ್ಕಳೇ ಹುಡುಕಲಿ. ಕನ್ನಡಕದ ದುಡ್ಡಿದ್ದರೆ ಜೀಪು ಮಾಡಿ ಬೇಕಲ ಕೋಟೆಗೆ ಕರೆದುಕೊಂಡು ಹೋಗಿ. ಹೋಗುವ ಮೊದಲು ಕೋಟೆ ಗೋಡೆಯ ಉದ್ದವನ್ನು ಪರದೆಯ ಮೇಲೆ ಅಳೆಸಿ, ಅಲ್ಲಿ ಹೆಜ್ಜೆ ಹಾಕಿ ತಾಳೆ ನೋಡಲಿ.

ಈಜಿಪ್ಟ್ ತೋರಿಸಬೇಡಿ ಎನ್ನುತ್ತಿಲ್ಲ. ನಮ್ಮ ಪಯಸ್ವಿನಿ ಹೊಳೆಯನ್ನು ಕೊಡಗಿನ ಬೆಟ್ಟದಿಂದ ಹಿಡಿದು, ಸುಳ್ಯ ದಾಟಿಸಿ, ಚಂದ್ರಗಿರಿಯಾಗಿ ಕಡಲು ಸೇರುವವರೆಗೆ ಮಕ್ಕಳು ಮೊದಲು ಪರದೆಯ ಅಳತೆಪಟ್ಟಿಯಲ್ಲಿ ತಾವೇ ಗೆರೆ ಎಳೆಯಲಿ. ಸುಮಾರು 105 ಕಿ.ಮೀ. ಬರಬೇಕು. ಆಮೇಲೆ ಅದೇ ಅಳತೆಪಟ್ಟಿಯಲ್ಲಿ ನೈಲ್ ನದಿ ಅಳೆಯಲು ಹೇಳಿ. ಅದು 6,600 ಕಿ.ಮೀ.ಗೂ ಜಾಸ್ತಿ. ಒಂದು ಪೀರಿಯಡ್‌ನಲ್ಲಿ ಮುಗಿಯುವುದಿಲ್ಲ, ಎರಡು ಇಟ್ಟುಕೊಳ್ಳಿ.